ಮೀನಿಗೆ ಫಿಟ್ಸ್ ಬಂದಿದೆಯಾ ಸರ್?

ಪ್ರಶ್ನೆ: ಕುರ್ಲಾ ಮಾರ್ಕೆಟ್‌ನಿಂದ ಎರಡು ಕ್ಲೌನ್ ಫಿಶ್ (ಬಿಳಿ ಪಟ್ಟೆಯ ಕಡಲ ಮೀನು) ತಂದು ಒಂದು ವರ್ಷವಾಯಿತು. ಈಚೆಗೆ ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಚಿಕ್ಕದು ಒಂದು ಪಕ್ಕಕ್ಕೆ ವಾಲಿ ಗಡಗಡ ನಡುಗುತ್ತದೆ. ಫಿಟ್ಸ್ ಇರಬಹುದಾ? ಅಂಗಡಿಯವನು "ಎರಡೂ ಗಂಡು, ಒಂದನ್ನು ವಾಪಸ್ ಕೊಡಿ" ಅಂತಾನೆ.
– ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ವಾಪಸ್ ಕೊಡಬೇಡಿ ತಾಯಿ. ನಿಮ್ಮ ಟ್ಯಾಂಕಿನಲ್ಲಿ ಸಂಸಾರ ಶುರುವಾಗುತ್ತಿದೆ.

ಅಂಗಡಿಯವನು ಹೇಳಿದ್ದು ಅರ್ಧ ಸರಿ. ಈ ಜಾತಿಯಲ್ಲಿ ಯಾವ ಮೀನೂ ಹೆಣ್ಣಾಗಿ ಹುಟ್ಟುವುದಿಲ್ಲ. ಜೊತೆಗಿರುವವುಗಳಲ್ಲಿ ಯಾವುದು ದೊಡ್ಡದೋ ಅದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಈ ಗಂಡೇ ಹೆಣ್ಣಾಗಿಬಿಡುತ್ತದೆ. ಒಮ್ಮೆ ಹೆಣ್ಣಾದದ್ದು ಮಾತ್ರ ಮತ್ತೆ ಗಂಡಾಗುವುದಿಲ್ಲ. ಹಾಗಾಗಿ ಮನೆಯ ಯಜಮಾನಿಕೆ ಯಾರದು ಅಂತ ಮೊದಲು ತೀರ್ಮಾನ ಆಗಲೇಬೇಕು. ಕಚ್ಚುವುದು ಅದಕ್ಕೇ. ಚಿಕ್ಕದು ನಡುಗುವುದೆಂದರೆ "ನೀನೇ ದೊಡ್ಡವಳು, ನನ್ನ ಬಿಟ್ಟುಬಿಡು ಮಾರಾಯ್ತಿ" ಅಂದ ಹಾಗೆ. ರೆಕ್ಕೆ ಹರಿದು, ತಿನ್ನುವುದು ಬಿಟ್ಟು ಮೂಲೆ ಹಿಡಿದರೆ ಮಾತ್ರ ಬೇರೆ ಮಾಡಿ.

ಇನ್ನು ಮುಂದೆ ಗಮನಿಸಬೇಕಾದದ್ದು ಬಂಡೆಯನ್ನು. ಎರಡೂ ಸೇರಿ ಒಂದೇ ಜಾಗವನ್ನು ಬಾಯಿಂದ ಕಚ್ಚಿ ಕಚ್ಚಿ ಚೊಕ್ಕ ಮಾಡುತ್ತವೆ. ದೊಡ್ಡದರ ಹೊಟ್ಟೆ ಉಬ್ಬುತ್ತದೆ. ನೀವು ಇಟ್ಟ ಚೆಂದದ ಮಣ್ಣಿನ ಕುಂಡವನ್ನೇ ಅವು ಒಪ್ಪಬೇಕೆಂದೇನಿಲ್ಲ. ಘಾಟ್ಕೋಪರಿನ ನಮ್ಮ ಮನೆಯ ಜೋಡಿ ಅಷ್ಟು ಬಂಡೆ ಬಿಟ್ಟು ಎದುರಿನ ಗಾಜಿಗೇ ಮೊಟ್ಟೆ ಅಂಟಿಸಿತು. ಒಳ್ಳೆಯದೇ ಆಯಿತು, ಸೋಫಾದಲ್ಲಿ ಕೂತೇ ಎಲ್ಲ ನೋಡಿದೆವು. ಹೆಣ್ಣು ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಹಿಂದೆಯೇ ಬರುತ್ತದೆ. ಆಮೇಲೆ ಬಾಣಂತನವೆಲ್ಲ ಹೆಚ್ಚಾಗಿ ಗಂಡಿನದ್ದೇ. ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಆಡಿಸುತ್ತದೆ, ಕೆಟ್ಟ ಮೊಟ್ಟೆಗಳನ್ನು ಆರಿಸಿ ತಿನ್ನುತ್ತದೆ. ಆ ದಿನಗಳಲ್ಲಿ ಗಾಜು ಒರೆಸಲು ಕೈ ಹಾಕಿದರೆ ಕಚ್ಚಿಸಿಕೊಳ್ಳುತ್ತೀರಿ. ನೋವಿಗಿಂತ ಬೆಚ್ಚಿಬೀಳುವುದೇ ಜಾಸ್ತಿ.

ಕಿತ್ತಳೆ ಬಣ್ಣದ ಮೊಟ್ಟೆ ದಿನ ಕಳೆದಂತೆ ಕಪ್ಪಾಗುತ್ತದೆ. ಕೊನೆಗೆ ಒಳಗಿನ ಮರಿಯ ಕಣ್ಣು ಬೆಳ್ಳಿಯ ಹಾಗೆ ಹೊಳೆಯುತ್ತದೆ. 26ರಿಂದ 28 ಡಿಗ್ರಿ ನೀರಿದ್ದರೆ ಸುಮಾರು 7-8 ದಿನಕ್ಕೆ, ರಾತ್ರಿ ಲೈಟ್ ಆರಿದ ಮೇಲೆ ಒಡೆಯುತ್ತವೆ. ಮೊದಲ ಒಂದೆರಡು ಸಲ ಅಪ್ಪ-ಅಮ್ಮನೇ ಮೊಟ್ಟೆ ತಿಂದುಹಾಕಿದರೆ ಬೇಜಾರು ಬೇಡ. ಜೋಡಿ ಕೂಡಿಬಂದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಇಡುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಮರಿಯ ಹೊಟ್ಟೆಪಾಡಿನಲ್ಲಿ. ನಾಲ್ಕೈದು ಮಿಲಿಮೀಟರಿನ ಮರಿ, ಪುಡಿ ಆಹಾರ ಮುಟ್ಟುವುದಿಲ್ಲ. ಅದಕ್ಕೆ ಜೀವಂತ ರೋಟಿಫರ್ (ನೀರಿನಲ್ಲಿ ಬದುಕುವ ಅತಿ ಸಣ್ಣ ಜೀವಿ) ಬೇಕು, ರೋಟಿಫರ್‌ಗೆ ಹಸಿರು ಪಾಚಿ ನೀರು ಬೇಕು. ಕೆಲವು ದಿನ ಬಿಟ್ಟು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಅಂತಾರೆ ನಮ್ಮಲ್ಲಿ. ಇಲ್ಲಿ ಹೊಲಿಸಿಡಲೇಬೇಕು. ರೋಟಿಫರ್ ಬಕೆಟ್ ಇಂದೇ ಶುರು ಮಾಡಿ. ಮರಿಗೆ ಬಿಳಿ ಪಟ್ಟೆ ಮೂಡಿ, ತಳಕ್ಕೆ ಇಳಿಯಲು ಶುರು ಮಾಡಿದರೆ ನೀವು ಗೆದ್ದ ಹಾಗೆ.

ಜುಹು ಕಡಲಿನ ನೀರು ಕ್ಯಾನಿನಲ್ಲಿ ತರುವ ಯೋಚನೆ ಮಾತ್ರ ಬೇಡ, ಅದರಲ್ಲೂ ಮಳೆಗಾಲದಲ್ಲಿ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ.

ಪ್ರಶ್ನೆ: ಕಡಲಕುದುರೆ ಜೋಡಿ ಸಾಕಬೇಕೆಂದು ಮಗಳು ಹಠ ಹಿಡಿದಿದ್ದಾಳೆ. ಗಂಡೇ ಬಸಿರಾಗುವುದು ನಿಜವಾ?
– ಓದುಗರೊಬ್ಬರು, ವಾಶಿ

ಉತ್ತರ: ನಿಜ. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಚೀಲಕ್ಕೆ ಹಾಕುತ್ತದೆ, ಹೊತ್ತು ಹೆರುವುದು ಗಂಡು. ಜೋಡಿಯಾದವು ಬೆಳಿಗ್ಗೆ ಬೆಳಿಗ್ಗೆ ಬಣ್ಣ ಬದಲಿಸುತ್ತಾ ಒಂದನ್ನೊಂದು ಸುತ್ತಿ ಕುಣಿಯುತ್ತವೆ. ಆದರೆ ಕಡಲಕುದುರೆಗಳನ್ನು 2001ರಲ್ಲೇ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿಸಿದ್ದಾರೆ. ಯಾರಾದರೂ ಗುಟ್ಟಾಗಿ ಮಾರಲು ಬಂದರೂ ಕೊಳ್ಳಬೇಡಿ. ಮಗಳಿಗೆ ಕ್ಲೌನ್ ಫಿಶ್ ತೋರಿಸಿ. ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಅವುಗಳ ಮರಿ ಮಾಡಿಸಿದ್ದಾರೆ. ಕೊಳ್ಳುವಾಗ ಟ್ಯಾಂಕಿನಲ್ಲೇ ಹುಟ್ಟಿದ ಮರಿ ಕೊಡಿ ಅಂತ ಕೇಳಿ.

ಪ್ರಶ್ನೆ: ಬ್ಲೂ ಟ್ಯಾಂಗ್ ಅನ್ನುವ ನೀಲಿ ಕಡಲ ಮೀನಿನ ಮರಿ ಮಾಡಿಸಬಹುದಾ?
– ಓದುಗರೊಬ್ಬರು, ಥಾಣೆ

ಉತ್ತರ: ಮನೆಯಲ್ಲಿ ಆಗದ ಮಾತು. ಅವು ಮೊಟ್ಟೆಯನ್ನು ಎಲ್ಲಿಗೂ ಅಂಟಿಸುವುದಿಲ್ಲ, ನೀರಿಗೆ ಚೆಲ್ಲಿಬಿಡುತ್ತವೆ. ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೇ ಇದು ಸಾಧ್ಯವಾದದ್ದು 2016ರಲ್ಲಿ.