ವಿಂಡೋಸ್ ಅಪ್‌ಡೇಟ್ ಆದ ಮೇಲೆ ಉಬುಂಟು ಕಾಣ್ತಿಲ್ಲ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಮಂಡ್ಯದಲ್ಲಿ ಓದುತ್ತಿದ್ದೀರಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11, ಉಬುಂಟು (ಲಿನಕ್ಸ್‌ನ ಒಂದು ರೂಪ) ಎರಡೂ ಇವೆ. ಮೊನ್ನೆ ವಿಂಡೋಸ್ ಅಪ್‌ಡೇಟ್ ಆಯಿತು. ಅವತ್ತಿನಿಂದ ಆನ್ ಮಾಡಿದರೆ ಸೀದಾ ವಿಂಡೋಸ್‌ಗೇ ಹೋಗುತ್ತದೆ, ಯಾವುದು ಬೇಕು ಅಂತ ಕೇಳುವ ಗ್ರಬ್ ಪರದೆ ಬರುವುದೇ ಇಲ್ಲ. ಪ್ರಾಜೆಕ್ಟ್ ಪೂರ್ತಿ ಉಬುಂಟು ಒಳಗಿದೆ. ಅಂಗಡಿಯಲ್ಲಿ ಕೇಳಿದರೆ 'ಲಿನಕ್ಸ್ ಹೋಯ್ತು, ಫಾರ್ಮ್ಯಾಟ್ ಮಾಡ್ಬೇಕು' ಅಂದರು. ಕೀ ಒತ್ತಿದರೂ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ಬರ್ತಾನೇ ಇಲ್ಲ ಅಂತಲೂ ಕೊನೆಯಲ್ಲಿ ಬರೆದಿದ್ದೀರಿ.

ಮಾಡಿಸಬೇಡಿ. ಬಹುತೇಕ ನಿಮ್ಮ ಉಬುಂಟು ಎಲ್ಲೂ ಹೋಗಿಲ್ಲ.

ಮಂಡ್ಯದವರಿಗೆ ನಾಲೆಯ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ಗದ್ದೆಗೆ ನೀರು ಬರಲಿಲ್ಲ ಅಂದರೆ ಕನ್ನಂಬಾಡಿ ಕಟ್ಟೆಯೇ ಒಡೆಯಿತು ಅಂತ ಯಾರೂ ಕೂಗುವುದಿಲ್ಲ. ನಾಲೆ ಏರಿ ಮೇಲೆ ನಡೆದು ಹೋಗಿ ನೀರು ಎಲ್ಲಿವರೆಗೆ ಬಂದಿದೆ ಅಂತ ನೋಡುತ್ತಾರೆ. ಎಲ್ಲೋ ಒಂದು ತೂಬು ಮುಚ್ಚಿರುತ್ತದೆ. ಇಲ್ಲವೇ ರಾತ್ರೋರಾತ್ರಿ ಯಾರೋ ತಮ್ಮ ಗದ್ದೆ ಕಡೆ ತಿರುಗಿಸಿಕೊಂಡಿರುತ್ತಾರೆ.

ಕಂಪ್ಯೂಟರ್ ಬೂಟ್ ಆಗುವುದೂ ಹೀಗೇ. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡ್‌ನಲ್ಲಿರುವ ಯುಇಎಫ್‌ಐ. ಹಳೆ ಅಭ್ಯಾಸದಲ್ಲಿ ನಾವು ಈಗಲೂ ಬಯೋಸ್ ಅಂತೀವಿ. ಅದರ ಹತ್ತಿರ ಒಂದು ಪಟ್ಟಿ ಇರುತ್ತದೆ: ಉಬುಂಟು, ವಿಂಡೋಸ್ ಬೂಟ್ ಮ್ಯಾನೇಜರ್, ಹೀಗೆ. ಪಟ್ಟಿಯಲ್ಲಿ ಮೇಲೆ ಇರುವುದಕ್ಕೆ ಮೊದಲ ಅವಕಾಶ. ಪಟ್ಟಿ ಇರುವುದು ಮದರ್‌ಬೋರ್ಡ್‌ನ ಚಿಪ್‌ನಲ್ಲಿ. ಅದು ತೋರಿಸುವ ಫೈಲ್‌ಗಳು ಮಾತ್ರ ಡಿಸ್ಕ್‌ನಲ್ಲಿ, ಇಎಫ್‌ಐ ಪಾರ್ಟಿಶನ್ ಅನ್ನುವ ಪುಟ್ಟ ಜಾಗದಲ್ಲಿರುತ್ತವೆ. ವಿಂಡೋಸ್ ಮಾಡಿದ್ದಾದರೆ ಸಾಮಾನ್ಯವಾಗಿ ಅದು 100 ಎಂಬಿ ಇರುತ್ತದೆ. ಅಲ್ಲಿ ಉಬುಂಟು ಫೋಲ್ಡರ್‌ನಲ್ಲಿರುವ ಶಿಮ್ ಅನ್ನುವ ಪುಟ್ಟ ಪ್ರೋಗ್ರಾಂ ಮೊದಲು ಏಳುತ್ತದೆ, ಅದು ಗ್ರಬ್ ಅನ್ನು ಎಬ್ಬಿಸುತ್ತದೆ, ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ. ನಿಮ್ಮ ಪ್ರಾಜೆಕ್ಟ್ ಇದ್ಯಾವುದರಲ್ಲೂ ಇಲ್ಲ. ಅದು ಬೇರೆ ದೊಡ್ಡ ಪಾರ್ಟಿಶನ್‌ನಲ್ಲಿ ತನ್ನ ಪಾಡಿಗೆ ತಾನು ಮಲಗಿದೆ.

ಕಣ್ಣಾರೆ ನೋಡಬೇಕಾ? ವಿಂಡೋಸ್‌ನಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ, ಡಿ ಅಂತ ಅಕ್ಷರ ಇಲ್ಲದ, ಉಬುಂಟುಗೆ ನೀವು ಕೊಟ್ಟಷ್ಟೇ ಗಾತ್ರದ ಒಂದು ಪಾರ್ಟಿಶನ್ ಕಾಣಬೇಕು. ಕಂಡರೆ ನಿಟ್ಟುಸಿರು ಬಿಡಿ. ಆದರೆ ಅದನ್ನು ಮುಟ್ಟಬೇಡಿ. ವಿಂಡೋಸ್‌ಗೆ ಲಿನಕ್ಸ್ ತನ್ನ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್‌ಟ್4 ವಿಧಾನ ಓದಲು ಬರುವುದಿಲ್ಲ. ಹಾಗಾಗಿ ಕೆಲವೊಮ್ಮೆ 'ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ?' ಅಂತ ಬಹಳ ವಿನಯದಿಂದ ಕೇಳುತ್ತದೆ. ಬೇಡ ಅನ್ನಿ. ಎಷ್ಟೋ ಜನರ ಲಿನಕ್ಸ್ ನಿಜವಾಗಿ ಹೋಗುವುದು ಈ ಒಂದು ಕ್ಲಿಕ್‌ನಲ್ಲಿ.

ಈಗ ತೂಬು ನೋಡೋಣ. ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಕೀ ಕೈಗೆ ಸಿಗದಿದ್ದರೆ ವಿಂಡೋಸ್ ಒಳಗಿಂದಲೇ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಇದ್ದರೆ ಅದರೊಳಗೆ ಅದೇ ಪಟ್ಟಿ ಸಿಗುತ್ತದೆ. ಅಲ್ಲಿ ಉಬುಂಟು ಅಂತ ಇದೆಯಾ? ಆರಿಸಿ ನೋಡಿ. ಗ್ರಬ್ ಬಂದರೆ ನಿಮ್ಮ ರೋಗ ಇಷ್ಟೇ: ಅಪ್‌ಡೇಟ್ ಆಗುವಾಗ ವಿಂಡೋಸ್ ಪಟ್ಟಿಯಲ್ಲಿ ಮೇಲೆ ಹೋಗಿ ಕೂತಿದೆ. ಬಯೋಸ್ ಸೆಟಪ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ಮೇಲಕ್ಕೆ ತಂದು ಸೇವ್ ಮಾಡಿ. ಐದು ನಿಮಿಷದ ಕೆಲಸ.

ಸೇವ್ ಮಾಡಿದರೂ ಮತ್ತೆ ಮತ್ತೆ ಹಳೆಯ ಕ್ರಮಕ್ಕೇ ಬರುತ್ತಿದ್ದರೆ? ಇಲ್ಲಿ ನನ್ನ ಕಥೆ ಹೇಳಲೇಬೇಕು, ಯಾಕೆಂದರೆ ನಾನು ನಾಲ್ಕು ವಾರ ಇದರಲ್ಲೇ ಒದ್ದಾಡಿದ್ದೇನೆ.

ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಮನೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇದೆ. ವಿಂಡೋಸ್ ಹಳೆ ಹಾರ್ಡ್ ಡಿಸ್ಕ್‌ನಲ್ಲಿ, ಲಿನಕ್ಸ್ ಆಮೇಲೆ ಹಾಕಿಸಿದ ಎಸ್‌ಎಸ್‌ಡಿಯಲ್ಲಿ. ಒಂದು ದಿನ ಬೆಳಿಗ್ಗೆ ನಿಮ್ಮ ಹಾಗೆಯೇ ಸೀದಾ ವಿಂಡೋಸ್. ಅದೇ ವಾರ ಅಪ್‌ಡೇಟ್ ಆಗಿತ್ತು, ಹಾಗಾಗಿ ಕಳ್ಳ ಯಾರು ಅಂತ ಯೋಚಿಸಲೂ ಇಲ್ಲ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ನಡೆಯುವಂಥದ್ದು) ಹಾಕಿ ಗ್ರಬ್ ಮತ್ತೆ ಕೂರಿಸಿದೆ. ಬಂತು. ಎರಡು ದಿನ ಸರಿಯಿತ್ತು. ಮೂರನೆಯ ದಿನ ಮತ್ತೆ ವಿಂಡೋಸ್. ಮತ್ತೆ ಗ್ರಬ್ ಕೂರಿಸಿದೆ. ಮತ್ತೆ ಹೋಯಿತು. ವಿಂಡೋಸ್‌ಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಅಂಗಡಿಯೊಂದರಲ್ಲಿ ಕೇಳಿದೆ. ಅಲ್ಲೂ ಫಾರ್ಮ್ಯಾಟ್ ಮಂತ್ರವೇ.

ಕೊನೆಗೆ ಗೊತ್ತಾದದ್ದು ಬಯೋಸ್ ಪರದೆಯ ಮೂಲೆಯಲ್ಲಿ. ಬೂಟ್ ಆರ್ಡರ್ ಬದಲಿಸಲು ಅಲ್ಲಿಗೆ ನಾಲ್ಕೈದು ಸಲ ಹೋಗಿದ್ದೆ. ಪ್ರತಿ ಸಲವೂ ಅಲ್ಲೇ ಗಡಿಯಾರ ಇತ್ತು, ಒಂದು ಸಲವೂ ನೋಡಿರಲಿಲ್ಲ. ಅವತ್ತು ನೋಡಿದರೆ ಜನವರಿ 1, ಅದೂ 2013! ಮದರ್‌ಬೋರ್ಡ್ ಮೇಲಿರುವ ನಾಣ್ಯದಷ್ಟು ಅಗಲದ ಸೆಲ್ ಸತ್ತುಹೋಗಿತ್ತು. ಸಿಆರ್2032 ಅಂತ, 3 ವೋಲ್ಟ್‌ನದು. ಕರೆಂಟ್ ಇಲ್ಲದಾಗ ಗಡಿಯಾರವನ್ನೂ, ನನ್ನದರಂಥ ಹಳೆ ಬೋರ್ಡ್‌ಗಳಲ್ಲಿ ನಾವು ಮಾಡಿಟ್ಟ ಬಯೋಸ್ ಸೆಟ್ಟಿಂಗ್‌ಗಳನ್ನೂ ಉಳಿಸಿಕೊಳ್ಳುವುದು ಅದೇ. ಅದು ಸತ್ತರೆ ಬೋರ್ಡ್ ತನ್ನ ಮೂಲ ಸೆಟ್ಟಿಂಗ್‌ಗೆ ವಾಪಸ್. ನನ್ನ ಬೋರ್ಡ್‌ನ ಮೂಲ ಸೆಟ್ಟಿಂಗ್‌ನಲ್ಲಿ ಮೊದಲ ಡಿಸ್ಕ್ ಅಂದರೆ ಹಳೆ ಹಾರ್ಡ್ ಡಿಸ್ಕ್, ಅಂದರೆ ವಿಂಡೋಸ್. ಕೆಲವು ಬೋರ್ಡ್‌ಗಳು ಇಂಥ ಸಮಯದಲ್ಲಿ ಎಚ್ಚರಿಕೆ ತೋರಿಸಿ ಎಫ್1 ಒತ್ತು ಅಂತ ನಿಲ್ಲುತ್ತವೆ. ನನ್ನದು ಮೌನಿ.

ಆದರೆ ಕೆಲವು ದಿನ ಸರಿ, ಕೆಲವು ದಿನ ಇಲ್ಲ, ಯಾಕೆ? ಅಮ್ಮ! ಮಲಗುವ ಮುಂಚೆ ಗೋಡೆಯ ಸ್ವಿಚ್‌ಗಳನ್ನೆಲ್ಲ ಆಫ್ ಮಾಡುವುದು ಅವರ ರೂಢಿ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಪವರ್ ಸಪ್ಲೈಯಿಂದ ಬೋರ್ಡ್‌ಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ಆಗ ಸೆಲ್ ಸತ್ತಿದ್ದರೂ ನೆನಪು ಉಳಿಯುತ್ತದೆ. ಅಮ್ಮ ಮರೆತ ರಾತ್ರಿಯ ಮಾರನೆ ದಿನ ಲಿನಕ್ಸ್, ಅಮ್ಮ ನೆನಪಿಟ್ಟುಕೊಂಡ ರಾತ್ರಿಯ ಮಾರನೆ ದಿನ ವಿಂಡೋಸ್. ನಾನು ಲಿನಕ್ಸ್ ಒಳಗೆ ಹೋದ ತಕ್ಷಣ ಅದು ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುತ್ತಿತ್ತು, ಹಾಗಾಗಿ ತಾರೀಕು ತಪ್ಪಿದ್ದು ಕಣ್ಣಿಗೇ ಬಿದ್ದಿರಲಿಲ್ಲ. ವಾಚ್ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದೆ. ಅಲ್ಲಿಗೆ ಮುಗಿಯಿತು.

ಲ್ಯಾಪ್‌ಟಾಪ್‌ನಲ್ಲಿ ಇದು ಅಪರೂಪ, ಆದರೂ ಹಳೆಯದಾದರೆ ಗಡಿಯಾರ ಒಮ್ಮೆ ನೋಡಿ. ಒಂದು ಎಚ್ಚರ: ವಿಂಡೋಸ್ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸಿದರೆ ಅದಕ್ಕೂ ಸೆಲ್‌ಗೂ ಸಂಬಂಧವಿಲ್ಲ. ಲಿನಕ್ಸ್ ಬೋರ್ಡ್‌ನ ಗಡಿಯಾರದಲ್ಲಿ ಯುಟಿಸಿ ಅನ್ನುವ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಎರಡು ಓಎಸ್ (ಆಪರೇಟಿಂಗ್ ಸಿಸ್ಟಂ) ಇರುವ ಮನೆಯ ಮಾಮೂಲಿ ಜಗಳ ಅದು.

ಸೆಲ್ ಸರಿಯಿದ್ದೂ ಕ್ರಮ ಉಳಿಯದಿದ್ದರೆ, ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರೇ, ಅಂದರೆ ಆ ಯುಇಎಫ್‌ಐಯೇ, ಹಠಮಾರಿ. ನೀವು ಏನೇ ಹೇಳಿದರೂ ವಿಂಡೋಸ್ ಬೂಟ್ ಮ್ಯಾನೇಜರ್‌ಗೇ ಮಣೆ ಹಾಕುತ್ತದೆ. ಆಗ ವಿಂಡೋಸ್‌ನ ಬಿಸಿಡಿಎಡಿಟ್ ಕಮಾಂಡ್‌ನಿಂದ ಬೂಟ್ ಮ್ಯಾನೇಜರ್‌ನ ಪಾತ್ ಅನ್ನೇ ಉಬುಂಟು ಫೋಲ್ಡರ್‌ನ ಶಿಮ್ ಫೈಲ್ ಕಡೆ ತಿರುಗಿಸಬಹುದು. ಹೆಸರು ವಿಂಡೋಸ್‌ದೇ, ಹೋಗುವುದು ಗ್ರಬ್‌ಗೆ. ಸ್ವಲ್ಪ ಕಳ್ಳಾಟವೇ, ಆದರೆ ನಡೆಯುತ್ತದೆ.

ಇನ್ನು, ಪಟ್ಟಿಯಲ್ಲಿ ಉಬುಂಟು ಇದೆ, ಆದರೆ ಆರಿಸಿದರೆ ಶಿಮ್, ಎಸ್‌ಬ್ಯಾಟ್, ಸೆಕ್ಯೂರಿಟಿ ಪಾಲಿಸಿ ವಯಲೇಶನ್ ಅಂತ ಏನೋ ಬೈದು ಆಫ್ ಆಗುತ್ತದೆ ಅನ್ನಿ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್‌ನಿಂದ ಬಹಳ ಜನರಿಗೆ ಹೀಗಾಯಿತು. ಭದ್ರತೆಯ ದೋಷವಿರುವ ಹಳೆ ಶಿಮ್‌ಗಳನ್ನು ಸೆಕ್ಯೂರ್ ಬೂಟ್ (ನಂಬಿಕಸ್ಥ ಪ್ರೋಗ್ರಾಂಗಳನ್ನು ಮಾತ್ರ ಏಳಲು ಬಿಡುವ ಕಾವಲು) ಒಳಗೆ ಬಿಡಬಾರದು ಅಂತ ಆ ಅಪ್‌ಡೇಟ್ ಹೊಸ ನಿಯಮ ಬರೆದಿತ್ತು. ಇದಕ್ಕೆ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಉಬುಂಟು ಒಳಗೆ ಹೋಗಿ ಎಲ್ಲ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಶಿಮ್ ಹೊಸದಾದರೆ ತಕರಾರು ಇರುವುದಿಲ್ಲ.

ತಡೆಯಿರಿ, ಸೆಕ್ಯೂರ್ ಬೂಟ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ನೋಡಿ. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಇರುತ್ತದೆ. ಬೂಟ್ ವ್ಯವಸ್ಥೆ ಬದಲಾಯಿತು ಅನ್ನಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಫೋನ್‌ನಿಂದ ಲಾಗಿನ್ ಆಗಿ ಆ ಕೀ ಇದೆಯಾ ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲಿನಕ್ಸ್ ಉಳಿಸಲು ಹೋಗಿ ವಿಂಡೋಸ್ ಬಾಗಿಲು ಹಾಕಿಕೊಂಡವರು ಇದ್ದಾರೆ.

ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲ ಅಂದರೆ ಮಾತ್ರ ಪೆನ್‌ಡ್ರೈವ್ ಬೇಕು. ಸ್ನೇಹಿತರ ಕಂಪ್ಯೂಟರ್ ಯಾಕೆ, ನಿಮ್ಮ ವಿಂಡೋಸ್‌ನಲ್ಲೇ ರೂಫಸ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಉಬುಂಟು ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಅನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ. ಹಳೆ ಲೆಗಸಿ ರೀತಿಯಲ್ಲಿ ಹೋದರೆ ರಿಪೇರಿ ಬೇರೆ ಎಲ್ಲೋ ಆಗುತ್ತದೆ. ಒಳಗೆ ಹೋದ ಮೇಲೆ ಇನ್‌ಸ್ಟಾಲ್ ಒತ್ತಬೇಡಿ, 'ಟ್ರೈ ಉಬುಂಟು' ಸಾಕು. ಫೈಲ್ ಮ್ಯಾನೇಜರ್ ತೆರೆದರೆ ನಿಮ್ಮ ಹಳೆ ಪಾರ್ಟಿಶನ್ ಎಡಗಡೆ ಕಾಣುತ್ತದೆ. ಹೋಮ್ ಫೋಲ್ಡರ್‌ಗೆ ಹೋಗಿ ಪ್ರಾಜೆಕ್ಟ್ ಅನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಇದು ಮೊದಲು. ಇದಾದ ಮೇಲೆ ರಿಪೇರಿ ಕೆಟ್ಟರೂ ನಿಮಗೆ ನಿದ್ದೆ ಬರುತ್ತದೆ.

ರಿಪೇರಿ ಕಮಾಂಡ್‌ಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್‌ನಲ್ಲೇ. ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಟ್ಟು ಯಾವ ಪಾರ್ಟಿಶನ್ ಎಕ್ಸ್‌ಟ್4, ಯಾವುದು ಪುಟ್ಟ ಫ್ಯಾಟ್32 ಅಂತ ಗುರುತಿಸಿ. ಎಕ್ಸ್‌ಟ್4 ಅನ್ನು ಎಂಎನ್‌ಟಿ ಫೋಲ್ಡರ್‌ಗೆ ಮೌಂಟ್ ಮಾಡಿ (ಅಂದರೆ ಜೋಡಿಸಿ), ಫ್ಯಾಟ್32 ಅನ್ನು ಅದರೊಳಗಿನ ಬೂಟ್, ಇಎಫ್‌ಐ ಫೋಲ್ಡರ್‌ಗೆ. ಆಮೇಲೆ ಡೆವ್, ಪ್ರಾಕ್, ಸಿಸ್, ರನ್ ಈ ನಾಲ್ಕನ್ನೂ ಒಳಗೆ ಬೈಂಡ್ ಮಾಡಿ, ಸಿಹೆಚ್‌ರೂಟ್ ಕೊಟ್ಟು ನಿಮ್ಮ ಹಳೆ ಉಬುಂಟು ಒಳಗೆ ಹೋಗಿ ಗ್ರಬ್-ಇನ್‌ಸ್ಟಾಲ್, ನಂತರ ಅಪ್‌ಡೇಟ್-ಗ್ರಬ್. ಸಿಸ್ ಅನ್ನು ಮಾತ್ರ ಬೈಂಡ್ ಬದಲು ಆರ್‌ಬೈಂಡ್ ಮಾಡಿ. ಇಲ್ಲದಿದ್ದರೆ ಮದರ್‌ಬೋರ್ಡ್‌ನ ಪಟ್ಟಿಗೆ ಹೋಗುವ ದಾರಿ ಅದರೊಳಗೆ ಬರುವುದಿಲ್ಲ. ಗ್ರಬ್ ಕೂರುತ್ತದೆ, ಪಟ್ಟಿಯಲ್ಲಿ ಹೆಸರು ಮಾತ್ರ ಸೇರುವುದಿಲ್ಲ. ಇಷ್ಟೆಲ್ಲ ಬೇಡ ಅನ್ನಿಸಿದರೆ ಬೂಟ್-ರಿಪೇರ್ ಅನ್ನುವ ಟೂಲ್ ಇದೆ, ಅದೂ ಸುಮಾರಾಗಿ ಇದನ್ನೇ ಮಾಡುತ್ತದೆ. ನನಗೆ ಕೈಯಲ್ಲಿ ಮಾಡುವುದೇ ಇಷ್ಟ, ಏನಾಯಿತು ಅಂತ ಗೊತ್ತಾಗುತ್ತದೆ.

ಗ್ರಬ್ ಬಂತು, ಈಗ ಅದರಲ್ಲಿ ವಿಂಡೋಸೇ ಇಲ್ಲ! ಗಾಬರಿ ಬೇಡ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಮೊದಲಿಗೇ ಆಫ್ ಇರುತ್ತದೆ. ಇಟಿಸಿ, ಡಿಫಾಲ್ಟ್ ಒಳಗಿನ ಗ್ರಬ್ ಫೈಲ್‌ನಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಸಾಲನ್ನು ಫಾಲ್ಸ್ ಮಾಡಿ ಮತ್ತೆ ಅಪ್‌ಡೇಟ್-ಗ್ರಬ್ ಕೊಡಿ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಉಬುಂಟುವಿನಿಂದ ಅದರ ಡ್ರೈವ್‌ಗೆ ಏನನ್ನೂ ಬರೆಯಲು ಆಗುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಒತ್ತಲು ಸಮಯವೂ ಸಿಗುವುದಿಲ್ಲ. ನೀವು ಬೂಟ್ ಮೆನು ಬರ್ತಾನೇ ಇಲ್ಲ ಅಂತ ಕೊನೆಯಲ್ಲಿ ಬರೆದಿದ್ದಿರಿ ನೋಡಿ, ಅದಕ್ಕೆ ನನ್ನ ಅನುಮಾನ ಇದರ ಮೇಲೇ.

ಇವತ್ತು ಸಂಜೆ ಬೂಟ್ ಮೆನುವರೆಗೆ ಮಾತ್ರ ಹೋಗಿ, ಆ ಪಟ್ಟಿಯ ಫೋಟೋ ತೆಗೆದು ಹಾಕಿ. ಲ್ಯಾಪ್‌ಟಾಪ್ ಯಾವುದು ಅಂತಲೂ ಬರೆಯಿರಿ. ಅಲ್ಲಿಂದ ಮುಂದಿನದು ನೋಡೋಣ.