ಸಿನಿಮಾ ಹಿಡಿಸ್ಲಿಲ್ಲ, ಸರಿ, ಆದ್ರೆ ಲೇಖನದಲ್ಲಿ ಸಿನಿಮಾ ಎಲ್ಲಿ?

ನಮಸ್ಕಾರ,

ಪುಟ್ಟ ಹುಡುಗಿ ಆಲಿವ್‌ನ ಮಕ್ಕಳ ಸೌಂದರ್ಯ ಸ್ಪರ್ಧೆಗೆ ಕರ್ಕೊಂಡು ಇಡೀ ಮನೆಯವ್ರು ವ್ಯಾನಲ್ಲಿ ಹೊರಡೋ ಅಮೆರಿಕನ್ ಕಾಮಿಡಿ 'ಲಿಟಲ್ ಮಿಸ್ ಸನ್‌ಶೈನ್' ಬಗ್ಗೆ ನೀವು ಕಳ್ಸಿದ ವಿಮರ್ಶೆ ಓದ್ದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ. ನಿಮಗೆ ಆ ಸಿನಿಮಾ ಹಿಡಿಸ್ಲಿಲ್ಲ ಅನ್ನೋದು ಕಾರಣ ಅಲ್ಲ, ನಂಗೆ ಅದು ಇಷ್ಟ ನಿಜ, ಆದ್ರೆ ಎಲ್ಲರೂ ಹೊಗಳಿದ ಸಿನಿಮಾನ ಸರಿಯಾಗಿ ಬೈದಿರೋ ಲೇಖನ ಕೈಗೆ ಸಿಕ್ರೆ ಯಾವ ಸಂಪಾದಕನೂ ಬಿಡಲ್ಲ. ತೊಂದ್ರೆ ಏನಂದ್ರೆ ನೀವು ಸಿನಿಮಾನ ಬೈದೇ ಇಲ್ಲ, ಅದನ್ನ ಮೆಚ್ಚಿದವ್ರನ್ನ ಬೈದಿದೀರಾ.

ಮೊದಲ ಮೂರು ಪ್ಯಾರಾ ಪೂರ್ತಿ ಅದೇ. ವಿಮರ್ಶಕರು ಅರ್ಥ ಆದಂಗೆ ನಾಟಕ ಮಾಡ್ತಾರೆ, ಫೆಸ್ಟಿವಲ್‌ಗೆ ಹೋಗೋರು ವಿಚಿತ್ರವಾಗಿರೋದಕ್ಕೆಲ್ಲ ಚಪ್ಪಾಳೆ ಹೊಡೀತಾರೆ, ಸಾಮಾನ್ಯ ಜನ ಆ ಕಡೆ ತಲೆ ಕೂಡ ಹಾಕ್ಲಿಲ್ಲ ಅಂತ. ಸುಮಾರು 80 ಲಕ್ಷ ಡಾಲರ್‌ನಲ್ಲಿ ತೆಗೆದ ಸಿನಿಮಾ ರೀ ಅದು, 2006ರ ಸನ್‌ಡ್ಯಾನ್ಸ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಫಾಕ್ಸ್ ಸರ್ಚ್‌ಲೈಟ್ ಅನ್ನೋ ವಿತರಣಾ ಕಂಪನಿಯೋರು ಒಂದು ಕೋಟಿ ಡಾಲರ್‌ಗಿಂತ ಜಾಸ್ತಿ ಕೊಟ್ಟು ತಗೊಂಡ್ರು, ಆಮೇಲೆ ಪ್ರಪಂಚದಾದ್ಯಂತ ಸುಮಾರು 10 ಕೋಟಿ ಡಾಲರ್ ಕಲೆಕ್ಷನ್ ಆಯ್ತು, ಅಷ್ಟೂ ಟಿಕೆಟ್ಟು ವಿಮರ್ಶಕರೇ ಕೊಂಡ್ಕೊಂಡ್ರಾ? ಅತ್ಯುತ್ತಮ ಚಿತ್ರದ ಆಸ್ಕರ್ ಕೊಟ್ಟು ತಲೆ ಮೇಲೆ ಕೂರಿಸ್ಕೊಂಡ್ರು ಅಂತಾನೂ ಬರ್ದಿದೀರಾ, ಕೊಟ್ಟಿಲ್ಲ, ಬರೀ ನಾಮಿನೇಟ್ ಆಗಿತ್ತು. ಗೆದ್ದಿದ್ದು ಮೈಕಲ್ ಆರ್ನ್ಟ್ ಬರೆದ ಚಿತ್ರಕಥೆ, ಮತ್ತೆ ತಾತನ ಪಾತ್ರ ಮಾಡಿದ ಅಲನ್ ಆರ್ಕಿನ್. ಜನ ಮೆಚ್ಚಿದ್ದನ್ನ ಬೈಯೋಕೆ ಹೊರಟಾಗ ಇಂಥ ತಪ್ಪು ಒಂದೇ ಒಂದು ಇದ್ರೂ ಸಾಕು, ಓದೋರು ಅಲ್ಲೇ ಪುಟ ಮುಚ್ತಾರೆ.

ನಾಲ್ಕನೇ ಪ್ಯಾರಾಗೆ ಬಂದಾಗ ನಾನು ನೆಟ್ಟಗೆ ಕೂತೆ. ಮನೇಲಿ ಇರೋರಿಗೆಲ್ಲ ತಲೆಗೊಂದು ವಿಚಿತ್ರ ಹಂಚಿ ಹಳದಿ ವ್ಯಾನಿಗೆ ತುಂಬಿದಾರೆ ಅಂದಿದೀರಲ್ಲ, ಅದು ವಿಮರ್ಶೆ. ತಾತ ಹೆರಾಯಿನ್ ಎಳೀತಾನೆ, ಸೋದರಮಾವ ಫ್ರೆಂಚ್ ಕಾದಂಬರಿಕಾರ ಪ್ರೂಸ್ಟ್ ಬಗ್ಗೆ ಪಂಡಿತ ಮತ್ತೆ ಈಗಷ್ಟೇ ಆತ್ಮಹತ್ಯೆಗೆ ಪ್ರಯತ್ನಪಟ್ಟು ಬದುಕಿ ಬಂದಿರೋನು, ಮಗ ತತ್ವಜ್ಞಾನಿ ನೀಚೆನ ಓದ್ಕೊಂಡು ಮೌನವ್ರತದಲ್ಲಿದಾನೆ, ಅಪ್ಪ ಗೆಲ್ಲೋದು ಹೇಗೆ ಅಂತ 9 ಸೂತ್ರ ಮಾರ್ಕೊಂಡು ತಾನೇ ಸೋಲ್ತಿದಾನೆ. ಇಷ್ಟು ಚೆನ್ನಾಗಿ ಹಿಡ್ಕೊಂಡೋರು ಎರಡೇ ಸಾಲಿಗೆ ಬಿಟ್ಟು ಮತ್ತೆ ವಿಮರ್ಶಕರ ಮೇಲೆ ಯಾಕೆ ಹೋದ್ರಿ? ಇನ್ನೊಂಚೂರು ಮುಂದೆ ಹೋಗಿದ್ರೆ ಅಮ್ಮನ ಪಾತ್ರ ಸಿಕ್ತಿತ್ತು. ಟೋನಿ ಕೊಲೆಟ್ ಮಾಡಿರೋ ಆ ಅಮ್ಮನಿಗೆ ಯಾವ ವಿಚಿತ್ರವೂ ಇಲ್ಲ, ಎಲ್ಲರನ್ನೂ ಸಂಭಾಳಿಸೋದೇ ಅವಳ ಕೆಲಸ, ಹಾಗಾಗಿ ಅವಳಿಗೆ ಅಂತ ಒಂದು ಸ್ವಂತ ಕಥೇನೂ ಇಲ್ಲ. ವಿಚಿತ್ರ ಇಲ್ದೋರ ಜೊತೆ ಏನು ಮಾಡ್ಬೇಕು ಅಂತ ಈ ಸಿನಿಮಾಗೆ ಗೊತ್ತಿಲ್ಲ ಅಂತ ನೀವು ಬರ್ದಿದ್ರೆ, ಇಷ್ಟಪಟ್ಟಿರೋ ನಾನೇ ಉತ್ತರಕ್ಕೆ ತಡಕಾಡ್ತಿದ್ದೆ.

ಮಗ ಡ್ವೇನ್ ತನಗೆ ಬಣ್ಣಗುರುಡು ಅಂತ ಗೊತ್ತಾಗಿ, ಪೈಲಟ್ ಕನಸು ಮುರಿದು, 9 ತಿಂಗಳ ಮೌನ ಬಿಟ್ಟು ಕಿರುಚೋ ದೃಶ್ಯ ಇದ್ಯಲ್ಲ, ಅಷ್ಟು ದೊಡ್ಡ ನೋವನ್ನ ತಂಗಿ ಆಲಿವ್ ಒಂದು ಸಲ ತಬ್ಬಿಕೊಂಡು ಮುಗಿಸ್ಬಿಟ್ಳು, ಇದು ಮೋಸ ಅನ್ನೋದು ನಿಮ್ಮ ವಾದ. ನಂಗಂತೂ ಅಲ್ಲಿ ಯಾರೂ ಬುದ್ಧಿವಾದ ಹೇಳ್ದೆ ಇರೋದೇ ಇಡೀ ಸಿನಿಮಾದಲ್ಲಿ ಒಳ್ಳೆ ಜಾಗ. ಒಪ್ಪಲ್ಲ ನಾನು, ಆದ್ರೂ ಈ ಪ್ಯಾರಾನ ಮುಟ್ಬೇಡಿ, ಬೇಕಾದ್ರೆ ಉದ್ದ ಮಾಡಿ.

ನಗು ಬರ್ಲಿಲ್ಲ ಅಂತ ನಾಲ್ಕು ಕಡೆ ಇದೆ. ಎಲ್ಲಿ ಬರ್ಲಿಲ್ಲ? ಕ್ಲಚ್ ಹೋಗಿರೋ ವ್ಯಾನನ್ನ ತಳ್ಳಿ ಒಬ್ಬೊಬ್ರೇ ಓಡಿ ಹತ್ತೋದು ಮೊದಲ ಸಲ ನಗಿಸ್ತು, ಆಮೇಲೆ 'ನೋಡಿ ನೋಡಿ, ಕುಟುಂಬ ಒಂದಾಗ್ತಿದೆ' ಅಂತ ಬೆರಳು ತೋರ್ಸೋಕೆ ಶುರು ಮಾಡ್ತು ಅಂತಾನಾ? ಹಾರ್ನ್ ನಿಲ್ದೆ ಬಡ್ಕೊಳ್ಳೋದು ಅಗ್ಗದ ಜೋಕ್ ಅನ್ಸ್ತಾ? ಒಂದು ಜೋಕ್ ತಗೊಂಡು ಅದು ಯಾಕೆ ಸತ್ತೋಯ್ತು ಅಂತ ಹೇಳಿ. 2004ರಲ್ಲಿ ಜನ ಹುಚ್ಚಿಗೆ ಬಿದ್ದು ನೋಡಿದ 'ನೆಪೋಲಿಯನ್ ಡೈನಮೈಟ್' ಅನ್ನೋ ಕಾಮಿಡಿಗೆ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಒಂದೂವರೆ ಸ್ಟಾರ್ ಕೊಟ್ಟಿದ್ರು, ನಾಯಕನ್ನ ಹೇಗೆ ತೋರ್ಸಿದಾರೆ ಅನ್ನೋದೇ ಅವ್ರ ಮುಖ್ಯ ತಕರಾರು. ನಕ್ಕ ಜನ ದಡ್ಡರು ಅಂತ ಅಲ್ಲ.

ಶೀರ್ಷಿಕೇಲಿರೋ 'ಓವರ್‌ರೇಟೆಡ್' ತೆಗೀರಿ, ಕಣ್ಣು ಮುಚ್ಕೊಂಡು. ಮೊದಲ ಮೂರು ಪ್ಯಾರಾನೂ.

ಇನ್ನೊಂದು ವಿಷಯ, ಕೊನೆ ಬಗ್ಗೆ ನಿಮ್ಮ ಲೇಖನದಲ್ಲಿ ಒಂದಕ್ಷರ ಇಲ್ಲ. ಪುಟ್ಟ ಮಕ್ಕಳಿಗೆ ದೊಡ್ಡೋರ ಮೇಕಪ್ ಹಾಕಿ ಸ್ಟೇಜ್ ಹತ್ತಿಸೋ ಆ ಸ್ಪರ್ಧೇಲಿ ಆಲಿವ್, ತಾತ ಹೇಳ್ಕೊಟ್ಟ ಸ್ಟ್ರಿಪ್ ಕ್ಲಬ್ ಥರದ ಡ್ಯಾನ್ಸ್ ಮಾಡ್ತಾಳೆ, ಸಭಿಕರು ಹೌಹಾರ್ತಾರೆ, ಮನೆಯವ್ರೆಲ್ಲ ಹೋಗಿ ಜೊತೆಗೆ ಕುಣೀತಾರೆ. ಮೆಚ್ಚಿದವ್ರೆಲ್ಲ ಮೆಚ್ಚಿದ್ದು ಇದಕ್ಕೇ, ಇದರ ವಿರುದ್ಧ ಹೇಳೋಕೂ ಬೇಕಾದಷ್ಟಿದೆ, ಮಕ್ಕಳನ್ನ ಹೀಗೆ ಕುಣಿಸೋದು ತಪ್ಪು ಅಂತ ತೋರ್ಸೋಕೆ ಈ ಸಿನಿಮಾನೂ ಒಂದು ಮಗೂನೇ ಕುಣಿಸ್ತಲ್ಲ ಅನ್ನೋದು ಸಣ್ಣ ಪ್ರಶ್ನೆ ಏನಲ್ಲ. ನೀವು ಅಲ್ಲಿವರೆಗೂ ನೋಡಿದ್ರಾ? ಮಧ್ಯದಲ್ಲೇ ಆಫ್ ಮಾಡಿದ್ರೂ ನಾಚ್ಕೋಬೇಡಿ, ಎಲ್ಲಿ ಆಫ್ ಮಾಡಿದ್ರಿ ಅಂತ ಮೊದಲ ಸಾಲಲ್ಲೇ ಬರೀರಿ, ಆಮೇಲೆ ಮಿಕ್ಕಿದ್ದನ್ನ ನೋಡಿ ಮುಗಿಸಿ ಕಳ್ಸಿ.