ಆರು ತಂತಿ, ಮೂವತ್ತೆರಡು ಹಲ್ಲು

ಗಿಟಾರಿನ ಫ್ರೆಟ್‌ಬೋರ್ಡ್ (ತಂತಿಯಡಿ ಬೆರಳೊತ್ತುವ ಪಟ್ಟಿ) ಕೊಳೆ ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅಷ್ಟೇ ನೆಪವಾಯ್ತು. ಈ ಸಲ ಬಂದ ಪತ್ರಗಳಲ್ಲಿ ತಂತಿಯ ಮಾತು ಕಡಿಮೆ, ಬಾಯಿಯ ಮಾತು ಜಾಸ್ತಿ. ಈ ಅಂಕಣದವನು ಬೆಳಗ್ಗೆ ವಸಡಿನ ಡಾಕ್ಟರು, ಸಂಜೆ ಗಿಟಾರಿನವನು ಎಂಬ ಗುಟ್ಟನ್ನು ಯಾರೋ ಬಿಟ್ಟುಕೊಟ್ಟಿದ್ದಾರೆ. ಎರಡು ಡೆಂಟಲ್ ಕಾಲೇಜುಗಳಿರುವ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ ಗುಟ್ಟು ಉಳಿಯೋದು ಕಷ್ಟ ಬಿಡಿ.

ಪ್ರಶ್ನೆ: ಸರ್, ಫ್ರೆಟ್‌ಬೋರ್ಡಿಗೆ ಗಟ್ಟಿ ಬ್ರಷ್ಷೋ, ಮೆತ್ತನೆಯದೋ? ಬಳಸಿದ ಮೇಲೆ ತೊಳೆದು ಮತ್ತೆ ಹಲ್ಲುಜ್ಜಬಹುದಾ? ನಮ್ಮ ರೂಮಿನಲ್ಲಿ ಈ ಬಗ್ಗೆ ಎರಡು ಪಾರ್ಟಿ ಆಗಿದೆ.
– ಬೀಟೆ ಬೋರ್ಡಿನವ, ವಿದ್ಯಾನಗರ

ಎರಡನೇ ಪಾರ್ಟಿಯವರನ್ನು ಒಮ್ಮೆ ನೋಡಬೇಕಲ್ಲಪ್ಪಾ! ತಂತಿ ಬಿಚ್ಚಿ, ಒಣಗಿದ ಮೆತ್ತನೆ ಬ್ರಷ್‌ನಿಂದ ಫ್ರೆಟ್ಟಿನ, ಅಂದರೆ ಬೋರ್ಡಿನ ಮೇಲಿನ ಲೋಹದ ಗೆರೆಗಳ, ಅಂಚಿನುದ್ದಕ್ಕೂ ಉಜ್ಜು. ಅಲ್ಲಿ ಕಪ್ಪಗೆ ಕೂತಿರೋದು ಬೆರಳಿನ ಬೆವರು, ಸತ್ತ ಚರ್ಮ, ಮೇಲೆ ಮಿರ್ಚಿ ಮಂಡಕ್ಕಿಯ ಎಣ್ಣೆ. ಬೀಟೆಗೆ ಆಮೇಲೆ ಬಟ್ಟೆಯಲ್ಲಿ ಒಂದೆರಡು ಹನಿ ಲೆಮನ್ ಆಯಿಲ್ ಸಾಕು. ಬಿಳಿ ಮೇಪಲ್ ಬೋರ್ಡಿಗೆ ಮೇಲೆ ಪಾಲಿಶ್ ಇರುತ್ತೆ, ಅದಕ್ಕೆ ಎಣ್ಣೆ ಬೇಡ, ಒದ್ದೆ ಬಟ್ಟೆ ಸಾಕು. ಬ್ರಷ್ಷನ್ನು ಗಿಟಾರ್ ಕೇಸಿನಲ್ಲೇ ಇಡು. ಹಿಡಿಕೆಗೆ ಕರಿ ಟೇಪ್ ಸುತ್ತು, ಇಲ್ಲದಿದ್ದರೆ ಯಾರಾದರೂ ಪೇಸ್ಟ್ ಹಚ್ಚಿಬಿಡ್ತಾರೆ.

ಪ್ರಶ್ನೆ: ಹಲ್ಲುಜ್ಜಿ ಉಗುಳಿದರೆ ನೊರೆ ಕೆಂಪಗಿರುತ್ತೆ. ಕ್ಲಾಸಿನ ಗೆಳೆಯರು, 'ತಂತಿ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾಗಲಿಲ್ವಾ? ಹಾರ್ಡ್ ಬ್ರಷ್ ತಗೋ, ವಸಡೂ ಗಟ್ಟಿಯಾಗುತ್ತೆ' ಅಂತಾರೆ. ನಾನು ಹೆದರಿ ಆ ಜಾಗ ಬಿಟ್ಟು ಉಜ್ಜುತ್ತಿದ್ದೇನೆ. ಯಾವುದು ಸರಿ?
– ಎಫ್ ಕಾರ್ಡಿಗೆ ಸೋತವಳು, ಹರಿಹರ

ಎರಡೂ ಸರಿಯಿಲ್ಲ ತಾಯಿ. ಬೆರಳಿನ ಚರ್ಮ ಒತ್ತಿದಷ್ಟೂ ದಪ್ಪಗಾಗುತ್ತೆ. ವಸಡನ್ನು ಒತ್ತಿ ಉಜ್ಜಿದರೆ ಅದು ಹಿಂದೆ ಸರಿಯುತ್ತೆ, ಸರಿದದ್ದು ತಾನಾಗಿ ವಾಪಸ್ ಬೆಳೆಯೋದಿಲ್ಲ. ಬೇರಿನ ಭಾಗ ಹೊರಗೆ ಬಂದರೆ ತಣ್ಣೀರು ಕುಡಿದರೂ ಜುಂ ಅನ್ನುತ್ತೆ.

ಈಗ ರಕ್ತದ ವಿಷಯ. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ದಿನಾ ಒಂದು ಮೆತ್ತನೆ ಪದರ ಕಟ್ಟುತ್ತೆ. ಉಗುರಿನಿಂದ ಕೆರೆದರೆ ಬೆಣ್ಣೆ ಬಣ್ಣದ್ದು ಬರುತ್ತಲ್ಲ, ಅದೇ. ಪೂರ್ತಿ ಬ್ಯಾಕ್ಟೀರಿಯಾ. ಅದು ಅಲ್ಲೇ ಉಳಿದರೆ ವಸಡು ಊದುತ್ತೆ, ಊದಿದ ವಸಡಿಗೆ ಬ್ರಷ್ ತಾಗಿದರೆ ರಕ್ತ. ನೀವು ಹೆದರಿ ಆ ಜಾಗ ಬಿಟ್ಟರೆ ಪದರ ಇನ್ನೂ ಜಾಸ್ತಿಯಾಗುತ್ತೆ, ರಕ್ತವೂ ಜಾಸ್ತಿ. ಕ್ಲಿನಿಕ್ಕಿಗೆ ಬರುವವರಲ್ಲಿ ನಾನು ದಿನಾ ನೋಡುವ ಕಥೆ ಇದು.

1965ರಲ್ಲಿ ಹರಾಲ್ಡ್ ಲೋ ಎಂಬ ಸಂಶೋಧಕ ಡೆನ್ಮಾರ್ಕಿನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದ. ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ಎಂದ. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ವಾರದಷ್ಟು ಹೊತ್ತಿನಲ್ಲಿ ಸರಿಹೋಯಿತು. ಪಾಪ, ಅವರಲ್ಲಿ ಹೆಚ್ಚಿನವರು ಡೆಂಟಲ್ ವಿದ್ಯಾರ್ಥಿಗಳೇ.

ಹಾಗಾಗಿ ಸಾಫ್ಟ್ ಬ್ರಷ್ ತಗೊಳ್ಳಿ. ಎಳೆಗಳನ್ನು ವಸಡಿನ ಕಡೆಗೆ 45 ಡಿಗ್ರಿ ಓರೆ ಮಾಡಿ, ಅರ್ಧ ಗೆರೆಯ ಮೇಲೆ, ಅರ್ಧ ಹಲ್ಲಿನ ಮೇಲೆ ಬರಲಿ. ಅಲ್ಲೇ ಚಿಕ್ಕದಾಗಿ ಅಲುಗಿಸಿ, ಎರಡು ಹಲ್ಲು ಮುಗಿದ ಮೇಲೆ ಮುಂದಕ್ಕೆ ಹೋಗಿ. ಪೂರ್ತಿ ಬಾಯಿಗೆ ಎರಡು ನಿಮಿಷ, ದಿನಕ್ಕೆರಡು ಸಲ. ಪೆನ್ ಹಿಡಿದ ಹಾಗೆ ಬೆರಳಲ್ಲಿ ಹಿಡಿದರೆ ಒತ್ತಡ ತಾನೇ ಇಳಿಯುತ್ತೆ. ಮುಷ್ಟಿಯಲ್ಲಿ ಹಿಡಿದು ಅಡ್ಡಡ್ಡ ಸ್ಟ್ರಮ್ ಮಾಡೋದು ಗಿಟಾರಿಗೆ ಮಾತ್ರ. ಬಲಗೈಯವರಿಗೆ ಎಡಗಡೆಯ ಕೋರೆಹಲ್ಲಿನ ಹತ್ತಿರ ಜಾಸ್ತಿ ಸವೆಯೋದು ಈ ಸ್ಟ್ರಮ್ಮಿಂಗ್‌ನಿಂದಲೇ. ಸಂದಿಗಳಿಗೆ ಬ್ರಷ್ ಹೋಗಲ್ಲ, ಅಲ್ಲಿಗೆ ಫ್ಲಾಸ್ ದಾರ ಬೇಕು. ಬ್ರಷ್ಷನ್ನು ಮೂರ್ನಾಲ್ಕು ತಿಂಗಳಿಗೆ ಬದಲಿಸಿ. ಅದಕ್ಕೂ ಮೊದಲೇ ಎಳೆ ಕೆದರಿಕೊಂಡರೆ ನೀವು ಒತ್ತುತ್ತಿದ್ದೀರಿ ಅಂತಲೇ ಅರ್ಥ.

ಎರಡು ವಾರ ಹೀಗೆ ಮಾಡಿಯೂ ರಕ್ತ ನಿಲ್ಲದಿದ್ದರೆ ತೋರಿಸಿ. ಪದರ ಗಟ್ಟಿಯಾಗಿ ಕಲ್ಲಾಗಿದ್ದರೆ ಯಾವ ಬ್ರಷ್‌ಗೂ ಬಗ್ಗೋದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. 'ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲುಗುತ್ತೆ' ಅಂತ ಅದೇ ಗೆಳೆಯರು ಹೇಳ್ತಾರೆ, ಗೊತ್ತು. ಕಲ್ಲು ಹೋದಾಗ ಸಂದಿ ಖಾಲಿಯಾಗಿ ಹಾಗನ್ನಿಸುತ್ತೆ, ಅಷ್ಟೇ. ಮನೆಯಲ್ಲಿ ಸಕ್ಕರೆ ಕಾಯಿಲೆಯಿದ್ದವರಿಗೂ ಹೇಳಿ: ಸಕ್ಕರೆ ಏರಿದರೆ ವಸಡು ಬೇಗ ಕೆಡುತ್ತೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರೋದು ಕಷ್ಟ.

ನಿಮ್ಮ ಬೆರಳನ್ನು ಸೋಲಿಸಿದ ಆ ಎಫ್ ಕಾರ್ಡ್ ಹಿಡಿಯೋದು ಕಲಿಯಲು ಮುಂದಿನ ತಿಂಗಳು ಬನ್ನಿ.

ಪ್ರಶ್ನೆ: ನನಗೆ ರಕ್ತವೇ ಬರಲ್ಲ ಡಾಕ್ಟ್ರೇ. ದಿನಾ ಸಿಗರೇಟು, ಜೊತೆಗೆ ಎಲೆಅಡಿಕೆ. ಬ್ಯಾಂಡಿನಲ್ಲಿ ನನ್ನ ವಸಡೇ ಗಟ್ಟಿ ಅಂತ ಬೆಟ್ ಗೆದ್ದಿದ್ದೇನೆ.
– ಬೇಸ್ ಗಿಟಾರಿನವನು, ಮಂಡಿಪೇಟೆ

ಬೆಟ್ ದುಡ್ಡು ವಾಪಸ್ ಕೊಡಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ಹಾಗಾಗಿ ಒಳಗೆ ಹಲ್ಲು ಹಿಡಿದಿರುವ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತ ಕಾಣಲ್ಲ. ಇನ್ನು ಅಡಿಕೆ. ಚನ್ನಗಿರಿ ಕಡೆಯವರು ಬೈದರೂ ಹೇಳಲೇಬೇಕು: ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪಟ್ಟಿ ಮಾಡಿದೆ. ಅಡಿಕೆಯಿಂದ ಬಾಯಿ ಬಿಗಿದುಕೊಂಡಿದೆಯಾ ಎಂದು ತಿಳಿಯಲು ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹೋಗುತ್ತಾ ನೋಡಿ. ಹೋಗದಿದ್ದರೆ ಈ ವಾರವೇ ತೋರಿಸಿ. ತಮಾಷೆ ಅಲ್ಲ.

ಪ್ರಶ್ನೆ: ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹಲ್ಲಿನಲ್ಲಿ ಗಿಟಾರ್ ನುಡಿಸುತ್ತಿದ್ದನಂತೆ. ಕಾಲೇಜ್ ಡೇಗೆ ನಾನೂ ಮಾಡಲಾ?
– ಕೋಟೆ ಹುಡುಗ, ಚಿತ್ರದುರ್ಗ

ನುಡಿಸುತ್ತಿದ್ದ, ನಿಜ. ನೀನು ಬೇಡ. ಸ್ಟೀಲ್ ತಂತಿಗೆ ಮುಂದಿನ ಹಲ್ಲಿನ ಅಂಚು ಚಕ್ಕೆ ಏಳುತ್ತೆ. ತಂತಿಯ ತುದಿಯನ್ನು ಹಲ್ಲಿನಲ್ಲಿ ಕಡಿಯೋದು, ಪಿಕ್ (ತಂತಿ ಮೀಟುವ ಬಿಲ್ಲೆ) ಕಚ್ಚಿಕೊಂಡು ಟ್ಯೂನ್ ಮಾಡೋದು, ಅದೇ ಪಿಕ್ ಪಕ್ಕದವನಿಗೆ ಕೊಡೋದು, ಇವೂ ಬಿಡಬೇಕಾದವೇ.

ಪ್ರಶ್ನೆ: ಬ್ರಷ್ ಎಳೆಯೂ ಕ್ಲಾಸಿಕಲ್ ಗಿಟಾರಿನ ತಂತಿಯೂ ಒಂದೇ ಅಂತ ನಾನು, ಅಲ್ಲ ಅಂತ ನಮ್ಮಣ್ಣ. ತೀರ್ಪು ಕೊಡಿ.
– ತಂಗಿ, ಎಂಸಿಸಿ ಬಿ ಬ್ಲಾಕ್

ನೀವೇ ಗೆದ್ದಿರಿ, ಕೊಂಚ ರಿಯಾಯಿತಿಯೊಡನೆ. ಮೊದಲು ಬ್ರಷ್‌ಗೆ ಹಂದಿಯ ಕೂದಲು, ಗಿಟಾರಿಗೆ ಕುರಿಯ ಕರುಳು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ನೈಲಾನ್ ಮೊದಲು ಮಾರುಕಟ್ಟೆಗೆ ಬಂದದ್ದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಎರಡನೇ ಮಹಾಯುದ್ಧದ ಹೊತ್ತಿಗೆ ಕರುಳಿನ ತಂತಿ ಸಿಗದೆ, ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ಅದೇ ನೈಲಾನಿನಿಂದ ತಂತಿ ಮಾಡಲು ಕೂತ. ದೊಡ್ಡ ವಾದಕ ಸೆಗೋವಿಯಾ ಒಪ್ಪಿದ ಮೇಲೆ ಎಲ್ಲರೂ ಒಪ್ಪಿದರು. ವಸ್ತು ಒಂದೇ, ದಪ್ಪ ಬೇರೆ. ಅಣ್ಣನಿಂದ ಬೆಣ್ಣೆದೋಸೆ ಕೊಡಿಸಿಕೊಳ್ಳಿ.

ಪ್ರಶ್ನೆ: ಹೊಸ ಎಲೆಕ್ಟ್ರಿಕ್ ಬ್ರಷ್ ತಂದೆ. ಅದರ ಝೇಂಕಾರಕ್ಕೆ ಗಿಟಾರ್ ಶ್ರುತಿ ಮಾಡಬಹುದಾ?
– ಟ್ಯೂನರ್ ಕಳೆದುಕೊಂಡವ, ನಿಟುವಳ್ಳಿ

ಅಂದಾಜಿಗೆ ಪರವಾಗಿಲ್ಲ. ಕೆಲವು ಸೋನಿಕ್ ಬ್ರಷ್‌ಗಳು ಸೆಕೆಂಡಿಗೆ 260 ಸಲದಷ್ಟು ಕಂಪಿಸುತ್ತವೆ. ಎರಡನೇ ತಂತಿಯ ಮೊದಲ ಫ್ರೆಟ್ಟಿನ ಸಿ ಸ್ವರ 261.6. ಹತ್ತಿರ, ಆದರೆ ಕಛೇರಿಗೆ ಸಾಲದು. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಹತ್ತಿರ ಹಿಡಿದರೆ ಮೋಟಾರಿನ ಸದ್ದನ್ನು ಆಂಪ್ಲಿಫೈಯರ್ ಕೂಗಿ ಹೇಳುತ್ತೆ. ಮಾಡಿ ನೋಡಿ, ಪೇಸ್ಟ್ ಮಾತ್ರ ತೊಳೆದುಬಿಡಿ.